ಇಳಿಸಿಕೊಂಡವನ ಹನ್ನೆರಡು ದಿನ

ಪರಾಶರ ಸ್ಮೃತಿಯ ನಾಲ್ಕನೆಯ ಅಧ್ಯಾಯ ಶುರುವಾಗುವುದೇ ಆತ್ಮಹತ್ಯೆಯ ಮಾತಿನಿಂದ. ಅತಿಯಾದ ಅಭಿಮಾನ, ಸಿಟ್ಟು, ಮೋಹ, ಭಯದಿಂದ ಜೀವ ಕಳೆದುಕೊಂಡವರಿಗೆ ಅದು ಅರವತ್ತು ಸಾವಿರ ವರ್ಷದ ನರಕ ಹೇಳುತ್ತದೆ. ಅವರಿಗಾಗಿ ಸೂತಕ ಹಿಡಿಯಬಾರದು, ನೀರು ಬಿಡಬಾರದು, ಬೆಂಕಿ ಕೊಡಬಾರದು, ಕಣ್ಣೀರು ಸಹ ಹಾಕಬಾರದು. ಆನೆಗೊಂದಿಯ ಸಂಸ್ಕೃತ ಮೇಷ್ಟ್ರೊಬ್ಬರು ಇದನ್ನು ಓದಿ ಅರ್ಥ ಹೇಳಿದಾಗ ನನಗೆ ಸಿಟ್ಟು ಬಂತು. ಅಂಥ ಮನೆಗಳ ಅಂಗಳದಲ್ಲಿ ತಾಯಂದಿರು ಹೊರಳಾಡಿ ಅತ್ತದ್ದನ್ನು ಕಂಡವನು ನಾನು. ಆ ಕಣ್ಣೀರಿಗೆ ಅಡ್ಡ ಬರುವ ಹಕ್ಕು ಯಾವ ಋಷಿಗೂ ಇಲ್ಲ.

ಮುಂದಿನ ಸಾಲಿಗೆ ಬಂದಾಗ ಮಾತ್ರ ‘ಇನ್ನೊಮ್ಮೆ ಓದ್ರಿ ಸರ್’ ಅಂದೆ. ಅಂಥವರ ಹೆಣ ಹೊತ್ತವರು, ಬೆಂಕಿ ಇಟ್ಟವರು, ಹಗ್ಗ ಕತ್ತರಿಸಿದವರು ತಪ್ತಕೃಚ್ಛ್ರ ಆಚರಿಸಬೇಕಂತೆ. ಮನುವಿನ ಲೆಕ್ಕದಲ್ಲಿ ಮೂರು ದಿನ ಬಿಸಿನೀರು, ಮೂರು ದಿನ ಬಿಸಿ ಹಾಲು, ಮೂರು ದಿನ ಬಿಸಿ ತುಪ್ಪ, ಮೂರು ದಿನ ಬರೀ ಗಾಳಿ. ಒಟ್ಟು 12 ದಿನ. ಈ ಸ್ಮೃತಿಗೆ 14ನೆಯ ಶತಮಾನದಲ್ಲಿ, ವಿಜಯನಗರದ ಬುಕ್ಕರಾಯನ ಕಾಲದಲ್ಲಿ, ಮಾಧವಾಚಾರ್ಯರು ದೊಡ್ಡ ವ್ಯಾಖ್ಯಾನವನ್ನೇ ಬರೆದರು. ಹಗ್ಗ ಕತ್ತರಿಸಿದವನೂ ಒಬ್ಬ ಮನುಷ್ಯ, ಅವನಿಗೂ ಏನೋ ಆಗಿದೆ ಎಂಬುದು ಆ ಶಾಸ್ತ್ರದ ಕಣ್ಣಿಗೆ ಬಿದ್ದಿದೆ. ನಮ್ಮ ಪೊಲೀಸ್ ಇಲಾಖೆಯಲ್ಲಿ ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ತಾಲೂಕಿನಲ್ಲಿ ದುಡಿದು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದೆ. ಯಲಬುರ್ಗಾ, ಕುಷ್ಟಗಿ ಕಡೆ ಮಳೆ ನಂಬಿದ ಸಜ್ಜೆ, ತೊಗರಿ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ನೀರಿದ್ದಲ್ಲೂ ಇಲ್ಲದಲ್ಲೂ ಯು.ಡಿ.ಆರ್., ಅಂದರೆ ಅಸಹಜ ಸಾವಿನ ಕರೆ ಬರುತ್ತಿತ್ತು. ನಮ್ಮ ಕಾಲಕ್ಕೆ ಅದು ಸಿಆರ್‌ಪಿಸಿ 174, 2024ರ ಜುಲೈಯಿಂದ ಹೊಸ ಸಂಹಿತೆಯ 194. ಪಂಚನಾಮೆಯಲ್ಲಿ ಎಲ್ಲಕ್ಕೂ ಜಾಗವಿದೆ: ಎತ್ತರ, ಮೈಬಣ್ಣ, ಅಂಗಿಯ ಬಣ್ಣ, ಕಿಸೆಯಲ್ಲಿದ್ದ ಸಾಮಾನು. ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಕಿಸೆಯಿಂದ ಸಂತೆಯ ಚೀಟಿ ಸಿಕ್ಕಿತು. ಉಳ್ಳಾಗಡ್ಡಿ, ಬೆಲ್ಲ, ಬಳಪ. ಅದನ್ನು ಹಾಗೆಯೇ ನಕಲು ಮಾಡಿದೆ, ಪಂಚರ ಸಹಿ ಹಾಕಿಸಿದೆ. ಅಂದಿನಿಂದ ಹೆಂಡತಿ ಸಂತೆಯ ಚೀಟಿ ಕೈಗೆ ಕೊಟ್ಟರೆ ನನ್ನ ಬೆರಳು ತಣ್ಣಗಾಗುತ್ತವೆ. ಈಗ ಅವಳು ಬಾಯಲ್ಲೇ ಹೇಳಿ ಕಳಿಸುತ್ತಾಳೆ.

‘ರೂಢಿ ಆಗ್ತೈತಿ ಬಿಡೋ’ ಅನ್ನುತ್ತಿದ್ದರು ಹಿರಿಯರು. ಆಗಲಿಲ್ಲ. ನನಗಷ್ಟೇ ಅಲ್ಲ. 108ರ ಗಾಡಿಯಲ್ಲಿ ಬರುವ ಹುಡುಗರು, ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳು ಸತ್ತರೆ ಬರುವ ತಹಶೀಲ್ದಾರರು, ಪಂಚರಾಗಿ ನಿಲ್ಲುವ ನೆರೆಮನೆಯವರು, ಇವರನ್ನೂ ಆ ರಾತ್ರಿಗಳು ಬಿಡುವುದಿಲ್ಲ. ಹತ್ತು ನಿಮಿಷ ಮೊದಲು ಮುಟ್ಟಿದ್ದರೆ ಎಂಬ ಲೆಕ್ಕ ನಿದ್ದೆಗೆಡಿಸುತ್ತದೆ. ಊರವರು ‘ಅವನ ಹಣೇಬರ’ ಅಂದು ಮಾತು ಮುಗಿಸುತ್ತಾರೆ. ತಡವಾಗಿ ಬಂದದ್ದು ಯಾರ ಹಣೇಬರ ಎಂದು ನಾನು ಯಾರನ್ನು ಕೇಳಲಿ?

ನಮ್ಮದು ಲಿಂಗಾಯತ ಮನೆ. ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಲಿಂಗ ಕಟ್ಟಿದ ಮೈಗೆ ಸಾವಿನ ಮೈಲಿಗೆ ಇಲ್ಲ. ಇದನ್ನು ನಾನು ಮನಸಾರೆ ನಂಬುತ್ತೇನೆ. ಆದರೂ ಅವ್ವ ‘ಹಿತ್ತಲದಾಗ ಜಳಕಾ ಮಾಡಿ ಒಳಗ ಬಾರಪ್ಪಾ’ ಅನ್ನುತ್ತಿದ್ದಳು, ತಾನೇ ನೀರು ಕಾಯಿಸಿ ಇಡುತ್ತಿದ್ದಳು. ಆ ಬಿಸಿನೀರಿನಲ್ಲಿ ಮೈಲಿಗೆಯ ಮಾತಿಗಿಂತ ಮಗನ ಮುಖ ನೋಡಿದ ತಾಯಿಯ ಅಂತಃಕರಣವೇ ಹೆಚ್ಚಿತ್ತು. ಮೈಲಿಗೆ ಇಲ್ಲ ಅಂದರೆ ಏನೂ ಉಳಿಯಲಿಲ್ಲ ಅಂತಲ್ಲ. ಒಂದು ಜೀವದ ಭಾರವನ್ನು ಕೊನೆಗೆ ತೋಳಿನಲ್ಲಿ ಇಳಿಸಿಕೊಂಡವನಿಗೂ ಆ ಸತ್ತವನಿಗೂ ಒಂದು ನಂಟು ಬೆಳೆಯುತ್ತದೆ. ರಕ್ತದ ನಂಟಿಗೆ ದಿನಕರ್ಮಗಳಿವೆ, ಹತ್ತು ಜನ ಕೂಡುತ್ತಾರೆ, ಅಳಲು ಬಿಡುತ್ತಾರೆ. ಇವನಿಗೆ ಮರುದಿನ ಬಂದೋಬಸ್ತ್ ಡ್ಯೂಟಿ.

ಕೊಪ್ಪಳದ ಹಳೆಯ ಹೆಸರು ಕೊಪಣ, ಜೈನರ ತೀರ್ಥ. ಸಲ್ಲೇಖನವೆಂಬ ಉಪವಾಸ ವ್ರತದಿಂದ ದೇಹ ಬಿಟ್ಟವರ ನಿಸಿಧಿ ಶಾಸನಗಳು ಇಲ್ಲಿವೆ. ಅದು ಆತ್ಮಹತ್ಯೆಯಲ್ಲ ಎಂದು ಜೈನರು ಹೇಳುತ್ತಾರೆ. ಅವೆರಡನ್ನೂ ಕಲಸುವುದು ನನಗೂ ಸರಿಯಲ್ಲ. ನಾನು ನೋಡುವುದು ಬೇರೆಯದು. ಸಾಯುವವರ ಬಳಿ ಇರುವ ನಿರ್ಯಾಪಕರು 48 ಮಂದಿ, ಕಡಿಮೆಯೆಂದರೂ ಇಬ್ಬರು ಇರಬೇಕೆಂದು ಜೈನರ ಗ್ರಂಥ ‘ಭಗವತೀ ಆರಾಧನೆ’ ಹೇಳುತ್ತದೆ. ಸಾವಿನ ಹತ್ತಿರ ಒಬ್ಬನನ್ನೇ ನಿಲ್ಲಿಸಬಾರದೆಂಬ ತಿಳಿವಳಿಕೆ ಈ ನೆಲದಲ್ಲಿ ಹಳೆಯದು. ಹತ್ತಿರ ನಿಂತವನ ಭಾರ ಈಗ ವೈದ್ಯರ ಕಣ್ಣಿಗೂ ಬಿದ್ದಿದೆ: 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ, ಆಘಾತದ ಕಾಯಿಲೆ ಯಾರಿಗೆ ಬರಬಹುದೆಂದು ಹೇಳುವಾಗ, ಮನುಷ್ಯರ ಅವಶೇಷ ಎತ್ತುವವರನ್ನು ಉದಾಹರಣೆಯಾಗಿಯೇ ಕೊಟ್ಟರು.

ಪಾಪದ ಲೆಕ್ಕ ನನಗೆ ಬೇಡ, ಆ 12 ದಿನ ಬೇಕು. ಹೊಳೆಯಾಚೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿದರು. 1996ರಲ್ಲಿ ಅದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬತೊಡಗಿತು. ಇಷ್ಟು ಹತ್ತಿರ ಹುಟ್ಟಿದ್ದು ಠಾಣೆಯ ಹೊಸ್ತಿಲು ದಾಟಬೇಕು.

ಯಲಬುರ್ಗಾದ ಒಬ್ಬ ಹೊಸ ಕಾನ್‌ಸ್ಟೆಬಲ್‌ಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ ಅಂದೆ. ‘ಮ್ಯಾಲಿನವ್ರಿಗೆ ಗೊತ್ತಾಗ್ತೈತೇನ್ರಿ?’ ಅಂದ. ಇಲ್ಲ ಅಂದೆ. ಆದರೆ ಗೊತ್ತಾದರೂ ಅಂಜಬೇಕಿಲ್ಲದ ಠಾಣೆ ಅವನಿಗೆ ಸಿಗಬೇಕು. ಅದಕ್ಕೇ ಮೇಲಧಿಕಾರಿಗಳಿಗೆ ಅರ್ಜಿ ಬರೆದಿದ್ದೇನೆ: ಇಂಥ ಪ್ರತಿ ಪಂಚನಾಮೆಯ ನಂತರ ಕೇಳದೆಯೇ ರಜೆ ಕೊಡಿ, ವೈದ್ಯರ ಜೊತೆ ಕೂರಿಸಿ, ಸೇವಾ ಪುಸ್ತಕದಲ್ಲಿ ಅದನ್ನು ಬರೆಯಬೇಡಿ.