ಕೇಳುವವರಿಲ್ಲದ ಋಣ

ನಮ್ಮ ಜತ್ತದಿಂದ ವಿಜಯಪುರದ ಕಡೆಗೆ ರಾತ್ರಿ ಸಾಗುವ ಕಾರಿಗೆ ನರಿಯೊಂದು ಅಡ್ಡ ಬಂದು ಸತ್ತಿತೆನ್ನೋಣ. ಮಾಲಕನಿಗೆ ಸಮಗ್ರ ವಿಮೆಯಿದ್ದರೆ ಕಾರಿನ ದುರಸ್ತಿಗೆ ಹಣ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಅದೂ ಇಲ್ಲ. ಸತ್ತದ್ದು ಎಮ್ಮೆಯಾಗಿದ್ದು, ತಪ್ಪು ಚಾಲಕನದಾಗಿದ್ದರೆ, ಎಮ್ಮೆಯ ಒಡೆಯ ಪರಿಹಾರ ಕೇಳಬಹುದು. ನರಿಯ ಪರವಾಗಿ ಅರ್ಜಿ ಬರೆಯುವವರಾರು?

ಕೇಳುವವರಿಲ್ಲದಿದ್ದರೆ ಋಣವೂ ಇಲ್ಲವೇ? ಬ್ಯಾಂಕಿನ ಲೆಕ್ಕ ಹಾಗೆ ಹೇಳುವುದಿಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಕ್ಕುದಾರ ಅನಂತರ ಬಂದರೂ ಕೊಡಲೇಬೇಕು. ನರಿ ಎಂದೂ ಬಂದು ಕೇಳದು. ಆದ್ದರಿಂದ ಅದರ ಋಣವನ್ನು ಅದು ಸಾಯುವ ಮೊದಲೇ ತೀರಿಸಬೇಕು, ನಮ್ಮ ಸಮಯ ಕೊಟ್ಟು ತೀರಿಸಬೇಕು.

ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ಹೆದ್ದಾರಿಯಲ್ಲಿ, ಬಂಡೀಪುರ ಕಾಡಿನೊಳಗೆ, 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಕನ್ನಡಿಗರೂ ಮಲಯಾಳಿಗಳೂ ಗೊಣಗುತ್ತಲೇ ಕಾದು ಆ ಕಂತು ಕಟ್ಟುತ್ತಿದ್ದಾರೆ. ಜತ್ತದ ಬಯಲಿಗೆ ಅಂಥ ಗೇಟಿಲ್ಲ. ಇಲ್ಲಿ ರಾತ್ರಿ ವೇಗ ತಗ್ಗಿಸಿ ಆ ಕಂತನ್ನು ನಾವೇ ಕಟ್ಟಬೇಕು.