ದೇವರ ಕೆಲಸಕ್ಕೆ ತಕ್ಕ ಹೋಲಿಕೆ ಯಾವದು?

ಇಕ್ಕಟ್ಟಿನಲ್ಲಿದ್ದವನಿಗೆ ನೆರೆಯವನು ನೆರವಾದಾಗ, ದೇವರೇ ಅವನ ಕೈಯಿಂದ ಮಾಡಿಸಿದನೆಂದು ನಮ್ಮ ಸಭೆಗಳಲ್ಲಿ ಹೇಳುವದುಂಟು. ಈ ಮಾತು ಸತ್ಯವೇ. ಆದರೆ ಮಾಡಿದವನು ದೇವರಾದರೆ ಮನುಷ್ಯನ ಪಾಲೇನು? ಮನುಷ್ಯನಾದರೆ ದೇವರಿಗೆ ಸ್ತೋತ್ರವೇಕೆ? ಕಣ್ಣಿಗೆ ಕಾಣದ ಈ ಸಂಗತಿಯನ್ನು ನಾವು ಕಾಣುವ ವಸ್ತುಗಳ ಹೋಲಿಕೆಯಿಂದಲೇ ಗ್ರಹಿಸಬೇಕಾಗಿದೆ; ಹೋಲಿಕೆಯು ತಪ್ಪಿದರೆ ನಡತೆಯೂ ತಪ್ಪುವದು. ಆದಕಾರಣ ಮೂರು ಹೋಲಿಕೆಗಳನ್ನು ತೂಗಿ ನೋಡೋಣ.

ಮೊದಲನೆಯದು ಕೊಡಲಿ. ಪ್ರವಾದಿಯಾದ ಯೆಶಾಯನು ಅಶ್ಶೂರದ ಅರಸನ ಗರ್ವವನ್ನು ಈ ಹೋಲಿಕೆಯಿಂದಲೇ ಖಂಡಿಸಿದನು. ಹೊಗಳಿಕೆಯು ಕೊಡಲಿಗಲ್ಲ, ಅದನ್ನು ಹಿಡಿದವನಿಗೆ ಸಲ್ಲತಕ್ಕದ್ದು. ಆದರೆ ಕೊಡಲಿಯಿಂದ ಯಾರೂ ಲೆಕ್ಕ ಕೇಳುವದಿಲ್ಲ. ಆ ಅರಸನಾದರೋ ದೇವರ ಕೈಯ ಕೋಲಾಗಿದ್ದರೂ ತನ್ನ ಕ್ರೌರ್ಯಕ್ಕೆ ದಂಡನೆ ಹೊಂದಬೇಕಾಯಿತು. ಆಳಿನ ಕೂಲಿಯನ್ನು ತಡೆದವನು, ನಾನು ಬರೀ ಸಾಧನವೆಂದು ಹೇಳಿ ತಪ್ಪಿಸಿಕೊಳ್ಳಲಾರನು.

ಎರಡನೆಯದು ಕಾಲುವೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದ ಹೊರಟು 227 ಕಿಲೋಮೀಟರು ಸಾಗುವ ಎಡದಂಡೆ ಕಾಲುವೆಯು ಮಾನ್ವಿ, ರಾಯಚೂರು ಸೀಮೆಗಳಿಗೆ ನೀರುಣಿಸುತ್ತದೆ. ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯು ಕೃಷ್ಣೆಯ ನೀರನ್ನು ತರುತ್ತದೆ. ಕಾಲುವೆಯು ನೀರನ್ನು ಹುಟ್ಟಿಸದು, ಹಾಯಿಸುವದು ಮಾತ್ರ. ನಮ್ಮಲ್ಲಿರುವ ಪ್ರೀತಿಯೂ ಹಾಗೆಯೇ. ಆದರೂ ಮೇಲ್ಭಾಗದವರು ಭತ್ತಕ್ಕೆಂದು ಮಿತಿಮೀರಿ ನೀರೆತ್ತಿದಾಗ ಮಾನ್ವಿ, ರಾಯಚೂರುಗಳ ಕೊನೆಭಾಗದ ಹೊಲಗಳು ಬಾಡುತ್ತವೆ. ಕಾಲುವೆಯು ತನ್ನ ತೂಬನ್ನು ತಾನೇ ತೆರೆಯಲಾರದು, ಮುಚ್ಚಲಾರದು. ಮನುಷ್ಯನು ಎರಡನ್ನೂ ಬಲ್ಲನು.

2024ನೆಯ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದು ವಾರದಲ್ಲಿ ಇಂಜಿನಿಯರರೂ ಕಾರ್ಮಿಕರೂ ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಗಳನ್ನು ಇಳಿಸಿ ಉಳಿದ ನೀರನ್ನು ನಿಲ್ಲಿಸಿದರು. ದೇವರು ಕಾಪಾಡಿದನೆನ್ನುವಾಗ ಆ ಕೆಲಸದವರ ಬೆವರನ್ನು ಮರೆಯಬೇಕೇ? ಬೇಡ, ಕಾಪಾಡಿದ್ದು ಅವರ ಬೆವರಿನ ಮೂಲಕವೇ.

ಮೂರನೆಯದು ಕೂರಿಗೆಯ ಬಿತ್ತನೆ. ಎರೆಹೊಲದಲ್ಲಿ ಹಿಂಗಾರಿ ಜೋಳವನ್ನು ಬಿತ್ತುವಾಗ ಎತ್ತುಗಳು ಮುಂದೆ, ಹೆಣ್ಣುಮಗಳು ಹಿಂದೆ. ಅವಳ ಮುಷ್ಟಿಯ ಬೀಜವು ಬಟ್ಟಲಿಗೆ ಬಿದ್ದು ಬಿದಿರಿನ ಕೊಳವೆಗಳಿಂದ ಸಾಲಿಗೆ ಇಳಿಯುವದು. ಬೀಜದೊಳಗಿನ ಜೀವವು ಅವಳದಲ್ಲ, ಮಳೆಯೂ ಅವಳದಲ್ಲ. ಆದರೂ ಕೊಳವೆಗೆ ಮಣ್ಣು ಕಟ್ಟಿದ್ದನ್ನು ಅವಳು ನೋಡದೆ ಹೋದರೆ ಒಂದು ಸಾಲು ಬರಿದಾಗುವದು. ಮೊಳಕೆ ಎದ್ದ ಮೇಲೆ ಊರೇ ಅದನ್ನು ಕಾಣುವದು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ತನ್ನನ್ನೂ ಅಪೊಲ್ಲೋಸನನ್ನೂ ಹೊಲದ ಆಳುಗಳಿಗೆ ಹೋಲಿಸಿ, ಬೆಳೆಸುವವನು ದೇವರೇ ಎಂದು ತಿಳಿಸಿದನು. ಆದರೂ ಆಳಿಗೆ ಸಲ್ಲುವ ಕೂಲಿಯನ್ನು ಹೇಳದೆ ಬಿಡಲಿಲ್ಲ.

ಹೀಗಿರಲಾಗಿ, ಯಾವ ಹೋಲಿಕೆಗಾದರೂ ಪರೀಕ್ಷೆ ಒಂದೇ: ಅದು ನಮ್ಮ ಗರ್ವವನ್ನು ತೆಗೆದು, ನಮ್ಮ ಹೊಣೆಯನ್ನು ಉಳಿಸುತ್ತದೋ? ಕೊಡಲಿಯು ಗರ್ವವನ್ನು ತೆಗೆಯುತ್ತದೆ, ಆದರೆ ಹೊಣೆಯನ್ನೂ ತೆಗೆಯುತ್ತದೆ. ಕಾಲುವೆಯು ದಾನದ ಮೂಲವನ್ನು ತೋರಿಸುತ್ತದೆ, ಆದರೆ ಅದಕ್ಕೆ ಮನಸ್ಸಿಲ್ಲ. ಬಿತ್ತುವವಳ ಕೈಯಲ್ಲಿ ಎರಡೂ ನಿಲ್ಲುತ್ತವೆ. ಉಪಕಾರ ಹೊಂದಿದವರು ದೇವರನ್ನು ಸ್ತುತಿಸಿ, ಉಪಕಾರ ಮಾಡಿದವರಿಗೂ ವಂದನೆ ಹೇಳಲಿ. ಉಪಕಾರ ಮಾಡಬಲ್ಲವರು, ಬೀಜ ತಮ್ಮದಲ್ಲವೆಂದು ತಿಳಿದು ಮುಷ್ಟಿಯನ್ನು ಬಿಗಿಹಿಡಿಯದಿರಲಿ. ಯಾಕಂದರೆ ನಮ್ಮ ಅಲಕ್ಷ್ಯದಿಂದ ಬರಿದಾಗುವ ಸಾಲು ನೆರೆಯವನ ಅನ್ನವಾಗಿದೆ.