ನಕ್ಷೆಯೂ ನೆರೆಹೊರೆಯೂ

ಊರಿನ ನಕ್ಷೆ ಬರೆಯುವವನಿಗೆ ಆ ಊರಿನವರ ಬಾಳನ್ನು ತಿದ್ದುವ ಹಕ್ಕು ಎಲ್ಲಿಂದ ಬಂತು? ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಕಡೆ ಹೋದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಹಾರನಹಳ್ಳಿಯಂಥ ಊರುಗಳನ್ನು ಯಾವ ಎಂಜಿನಿಯರೂ ಗೀಟೆಳೆದು ಕಟ್ಟಿದ್ದಲ್ಲ. ಆದರೆ ಆ ಸೀಮೆಯಲ್ಲೇ ಗೀಟೆಳೆದು ಕಟ್ಟಿದ ಎರಡು ನೆಲೆಗಳಿವೆ.

ಒಂದು, ಅದೇ ತಾಲ್ಲೂಕಿನ ಬೈಲಕುಪ್ಪೆ. 1960ರಲ್ಲಿ ಟಿಬೆಟಿನ ನಿರಾಶ್ರಿತರಿಗೆಂದು ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಕಾಡು ಕಡಿದು, ನೆಲ ಹದಮಾಡಿ, ಕ್ಯಾಂಪು ಕ್ಯಾಂಪಾಗಿ ಮನೆಗಳೆದ್ದವು. ನೆಲ ಸರ್ಕಾರದ್ದಾದರೂ ಗುರುಗಳೂ ಹಿರಿಯರೂ ದೇವರೂ ಜನರ ಜೊತೆಗೇ ಬಂದಿದ್ದರು. 1963ರಲ್ಲಿ ನಮ್‌ಡ್ರೋಲಿಂಗ್ ಮಠವೂ ಆರಂಭವಾಯಿತು. ಇನ್ನೊಂದು, ಹುಣಸೂರು ತಾಲ್ಲೂಕಿನ ನಾಗಾಪುರ. ನಾಗರಹೊಳೆಯ ಹಾಡಿಗಳಿಂದ ಜೇನುಕುರುಬರನ್ನು 1990ರ ದಶಕದ ಕೊನೆಯಿಂದೀಚೆಗೆ ತಂದು ಅಲ್ಲಿ ನೆಲೆಗೊಳಿಸಿದರು. ಮನೆ ಕೊಟ್ಟರು, ಹೊಲ ಕೊಟ್ಟರು. ಹಿರಿಯರನ್ನು ಹೂತ ನೆಲ, ದೇವರ ತಾಣ ಮಾತ್ರ ಕಾಡಿನಲ್ಲೇ ಉಳಿದವು. ಅವಕ್ಕೆ ಬದಲಿ ನಿವೇಶನ ಕೊಡುವುದಾದರೂ ಹೇಗೆ?

ಹಾಗಾದರೆ ಎಲ್ಲವನ್ನೂ ಜನರಿಗೇ ಬಿಡೋಣ ಎನ್ನುವವರಿದ್ದಾರೆ. ಮಾತು ಸೊಗಸಾಗಿದೆ, ನನಗೆ ಒಪ್ಪಿಗೆಯಿಲ್ಲ. ಜನ ತಾವಾಗಿಯೇ ಕಟ್ಟಿಕೊಂಡ ನಮ್ಮ ಹಳ್ಳಿಗಳಲ್ಲಿ ಹೊಲೆಗೇರಿ ಎಲ್ಲಿರುತ್ತಿತ್ತೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಪಟ್ಟಣದವರೂ ಬೀಗುವಂತಿಲ್ಲ. 1898ರ ಪ್ಲೇಗಿನ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅಗಲವಾದ ರಸ್ತೆ, ಗಾಳಿ ಬೆಳಕು, ಹಿತ್ತಿಲ ಹಿಂದೆ ಓಣಿ: ಎಲ್ಲವೂ ಹೊಸ ಶಾಸ್ತ್ರದಂತೆಯೇ. ಆದರೆ ಮಲ್ಲೇಶ್ವರದ ಬ್ಲಾಕುಗಳನ್ನು ಹಂಚಿದ್ದು ಜಾತಿಮತಗಳ ಲೆಕ್ಕದಲ್ಲಿ. ಹಳ್ಳಿಯ ಕೇರಿ ಅಳತೆಪಟ್ಟಿ ಹಿಡಿದು ನಗರಕ್ಕೆ ಬಂದಿತ್ತು, ಅಷ್ಟೆ. ಜನರ ಇಷ್ಟವನ್ನು ನಡೆಸಿದೆವೆಂದು ಯೋಜಕರು ಅಂದು ಸಮಾಧಾನಪಟ್ಟುಕೊಂಡಿರಬಹುದು.

ಯೋಜಕನ ಧರ್ಮಸಂಕಟ ಇಲ್ಲಿಯೇ ಇದೆ. ಜನರನ್ನು ಕೇಳದೆ ಕಟ್ಟಿದರೆ ಅದು ದರ್ಪ. ಕೇಳಿ ಕಟ್ಟೋಣವೆಂದರೆ, ಜಗಲಿಯ ಮೇಲೆ ಕುಳಿತವನ ಮಾತೇ ಊರಿನ ಮಾತಾಗಿ ಕಿವಿಗೆ ಬೀಳುತ್ತದೆ. ನೀರಿಗೆ ಅರ್ಧ ಮೈಲಿ ನಡೆಯುವವಳು ಆ ಸಭೆಗೆ ಬಂದಿರುವುದೇ ಇಲ್ಲ. ನನ್ನ ಮಟ್ಟಿಗೆ, ಯೋಜಕ ಮೊದಲು ಹೋಗಬೇಕಾದದ್ದು ಅವಳ ಮನೆಗೆ. ಅವಳು ಹೇಳಿದ್ದು ಜಗಲಿಯವನಿಗೆ ಹಿಡಿಸದಿದ್ದಾಗ, ಅವನೆದುರು ನಿಂತು ಕಾರಣ ಹೇಳುವ ಹೊಣೆಯನ್ನೂ ಅವನು ಹೊರಬೇಕು. ಗೀಟು ಎಳೆಯುವ ವಿದ್ಯೆ ಕಾಲೇಜಿನಲ್ಲಿ ಸಿಕ್ಕುತ್ತದೆ. ಈ ಹೊಣೆಯನ್ನು ಕಲಿಸುವ ಪಾಠ ಯಾವುದಿದೆಯೋ ಕಾಣೆ.

ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, ನಕ್ಷೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದು ವಿಧಿಸುತ್ತದೆ. ಒಳ್ಳೆಯದೇ. ನಾಳೆ ಹಾರನಹಳ್ಳಿಯ ಮಗ್ಗುಲಲ್ಲೂ ಬಡಾವಣೆಯೊಂದು ಎದ್ದೀತು, ಕಚೇರಿಯ ಹಲಗೆಯ ಮೇಲೆ ಬಣ್ಣಬಣ್ಣದ ನಕ್ಷೆ ತೂಗೀತು. ಆ ಹಲಗೆಯ ಮುಂದೆ ನಿಂತು, ಇಗೋ ನಿನ್ನ ಮನೆ ಇಲ್ಲಿದೆ, ನಲ್ಲಿ ಅಲ್ಲಿ ಬರುತ್ತದೆ, ಆದೀತೇನಮ್ಮ ಎಂದು ಅವಳನ್ನು ಕೇಳುವವರು ಯಾರು?